ಸಣ್ಣ ಉದ್ದಿಮೆಯ ಜಾಲತಾಣ: ಭೇಟಿಗಳ ಲೆಕ್ಕ ಮತ್ತು ಅದರ ಬಳಕೆ

ಅಂಗಡಿಯಲ್ಲಿ ಕುಳಿತ ವ್ಯಾಪಾರಿಗೆ ಗಿರಾಕಿ ಕಣ್ಣಿಗೆ ಕಾಣುತ್ತಾನೆ. ಯಾರು ಬಾಗಿಲವರೆಗೆ ಬಂದು ಹಿಂದಿರುಗಿದರು, ಯಾರು ಬೆಲೆ ಕೇಳಿ ಸುಮ್ಮನಾದರು, ಯಾವ ಸರಕಿನ ಮುಂದೆ ಜನ ಹೆಚ್ಚು ಹೊತ್ತು ನಿಂತರು ಎಂಬುದೆಲ್ಲ ಸಂಜೆಯ ವೇಳೆಗೆ ಆತನ ಮನಸ್ಸಿನಲ್ಲಿ ದಾಖಲಾಗಿರುತ್ತದೆ. ಕಿರ್ದಿ ಪುಸ್ತಕಕ್ಕೆ ಏರುವುದು ಮಾರಾಟವಾದ ಸರಕು ಮಾತ್ರ. ಆದರೆ ಮಾರಾಟವಾಗದೆ ಹೋದುದರ ಲೆಕ್ಕವೇ ಮರುದಿನದ ವ್ಯಾಪಾರಕ್ಕೆ ಹೆಚ್ಚು ಉಪಯುಕ್ತವೆಂಬುದನ್ನು ಅನುಭವಸ್ಥರು ಬಲ್ಲರು. ಜಾಲತಾಣದ ಮೂಲಕ ಸರಕು ಮಾರುವ ಸಣ್ಣ ಉದ್ದಿಮೆದಾರರಿಗೆ ಈ ಅನುಕೂಲವಿಲ್ಲ. ತಾಣಕ್ಕೆ ಬರುವವರು ಸದ್ದಿಲ್ಲದೆ ಬರುತ್ತಾರೆ, ಸದ್ದಿಲ್ಲದೆ ಹೋಗುತ್ತಾರೆ. ಈ ಕೊರತೆಯನ್ನು ಒಂದು ಮಟ್ಟಿಗೆ ತುಂಬಿಕೊಡುವ ವಿಧಾನವನ್ನೇ ಜಾಲತಾಣ ಸಂಚಾರದ ವಿಶ್ಲೇಷಣೆ ಎಂದು ಕರೆಯಲಾಗುತ್ತದೆ.

ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ಸೇವೆ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಅಂದು ಕೆಲವೇ ಸಂಸ್ಥೆಗಳಿಗೆ ಎಟುಕುತ್ತಿದ್ದ ಜಾಲತಾಣ ಇಂದು ಮನೆಯ ಅಡುಗೆಮನೆಯಿಂದಲೇ ನಡೆಯುವ ಉದ್ದಿಮೆಗೂ ಲಭ್ಯವಿದೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಇಂತಹ ಉದ್ದಿಮೆ ನಡೆಸುವವರಿದ್ದಾರೆ. ತಾಣವನ್ನು ಕಟ್ಟಿಸುವುದಕ್ಕೆ ಹಣ ವ್ಯಯಮಾಡುವ ಅನೇಕರು, ಅದು ಏನು ಕೆಲಸ ಮಾಡುತ್ತಿದೆ ಎಂಬುದನ್ನು ನೋಡುವ ಗೋಜಿಗೆ ಹೋಗುವುದಿಲ್ಲ. ನೋಡುವವರಲ್ಲಿಯೂ ಕೆಲವರು ಅಂಕಿಗಳನ್ನು ತಪ್ಪಾಗಿ ಅರ್ಥಮಾಡಿಕೊಂಡು ನಷ್ಟಕ್ಕೆ ಗುರಿಯಾಗುತ್ತಾರೆ.

ಲೆಕ್ಕ ಹುಟ್ಟುವ ಬಗೆ

ಜಾಲತಾಣದ ಪುಟಗಳು ಸರ್ವರ್ ಎಂಬ ಗಣಕಯಂತ್ರದಲ್ಲಿರುತ್ತವೆ. ಯಾರಾದರೂ ಒಂದು ಪುಟವನ್ನು ಕೋರಿದಾಗ ಸರ್ವರ್ ಅದನ್ನು ಕಳುಹಿಸುವುದರ ಜೊತೆಗೆ ತನ್ನ ದಿನಚರಿಯಲ್ಲಿ ಒಂದು ಸಾಲನ್ನು ಬರೆದುಕೊಳ್ಳುತ್ತದೆ. ಕೋರಿಕೆ ಯಾವ ಅಂತರ್ಜಾಲ ವಿಳಾಸದಿಂದ ಬಂತು, ಯಾವ ದಿನ, ಯಾವ ಕ್ಷಣ, ಯಾವ ಪುಟಕ್ಕಾಗಿ, ಕೋರಿದವರು ಬಳಸಿದ ಬ್ರೌಸರ್ ಯಾವುದು, ಅದಕ್ಕೆ ಮೊದಲು ಅವರು ಯಾವ ಪುಟದಲ್ಲಿದ್ದರು ಎಂಬ ವಿವರಗಳು ಆ ಸಾಲಿನಲ್ಲಿರಬಹುದು. ಕೋರಿಕೆಯ ಫಲಿತಾಂಶವೂ ಅಲ್ಲಿ ಸಂಖ್ಯಾರೂಪದಲ್ಲಿರುತ್ತದೆ: 200 ಎಂದರೆ ಪುಟ ಸರಿಯಾಗಿ ದೊರೆತಿದೆ, 404 ಎಂದರೆ ಅಂತಹ ಪುಟ ಇಲ್ಲ, 500 ಎಂದರೆ ಸರ್ವರಿನಲ್ಲಿಯೇ ದೋಷವುಂಟಾಗಿದೆ. ಈ ಪೈಕಿ 404 ಸಣ್ಣ ಉದ್ದಿಮೆದಾರರು ವಿಶೇಷವಾಗಿ ಗಮನಿಸಬೇಕಾದ ಸಂಖ್ಯೆ. ಒಂದೇ ತಪ್ಪು ವಿಳಾಸಕ್ಕೆ ದಿನವೂ ಕೋರಿಕೆ ಬರುತ್ತಿದ್ದರೆ, ಎಲ್ಲಿಯೋ ಒಂದು ಕರಪತ್ರದಲ್ಲಿ ಅಥವಾ ಹಳೆಯ ಜಾಹೀರಾತಿನಲ್ಲಿ ಆ ವಿಳಾಸ ತಪ್ಪಾಗಿ ಅಚ್ಚಾಗಿರುವ ಸಾಧ್ಯತೆಯುಂಟು. ಕರಪತ್ರವನ್ನು ಮರಳಿ ಅಚ್ಚು ಮಾಡಿಸಬೇಕಾಗಿಲ್ಲ; ಆ ತಪ್ಪು ವಿಳಾಸಕ್ಕೆ ಬಂದವರನ್ನು ಸರಿಯಾದ ಪುಟಕ್ಕೆ ಕಳುಹಿಸುವ ಏರ್ಪಾಡು ಮಾಡಿದರೆ ಸಾಕು.

ಆರಂಭದಲ್ಲಿ ಲಭ್ಯವಿದ್ದುದು ಈ ದಿನಚರಿಯೊಂದೇ. ಅದನ್ನು ಓದಿ ಸಾರಾಂಶ ಕೊಡುವ ಅನಲಾಗ್ ಎಂಬ ಉಚಿತ ತಂತ್ರಾಂಶವನ್ನು ಕೇಂಬ್ರಿಜ್‌ನಲ್ಲಿ ಸ್ಟೀಫನ್ ಟರ್ನರ್ 1995ರಲ್ಲಿ ರಚಿಸಿದರು. ತರುವಾಯ ಎರಡನೆಯ ವಿಧಾನವೊಂದು ರೂಢಿಗೆ ಬಂತು. ಪ್ರತಿಯೊಂದು ಪುಟದಲ್ಲಿ ಸಂಕೇತದ ಒಂದು ಸಣ್ಣ ತುಣುಕನ್ನು ಸೇರಿಸಲಾಗುತ್ತದೆ. ಪುಟ ತೆರೆದಾಗ ಆ ತುಣುಕು ಸಂದರ್ಶಕರ ಬ್ರೌಸರಿನಿಂದಲೇ ವಿಶ್ಲೇಷಣಾ ಸಂಸ್ಥೆಗೆ ವರದಿ ಕಳುಹಿಸುತ್ತದೆ. ಅರ್ಚಿನ್ ಎಂಬ ಕಂಪನಿಯನ್ನು 2005ರಲ್ಲಿ ಕೊಂಡುಕೊಂಡ ಗೂಗಲ್, ಅದೇ ವರ್ಷದ ನವೆಂಬರ್‌ನಲ್ಲಿ ಗೂಗಲ್ ಅನಲಿಟಿಕ್ಸ್ ಸೇವೆಯನ್ನು ಉಚಿತವಾಗಿ ಒದಗಿಸಿದ ಮೇಲೆ ಈ ವಿಧಾನ ಎಲ್ಲೆಡೆ ಹರಡಿತು. ಅನ್ಯಸಂಸ್ಥೆಗೆ ಮಾಹಿತಿ ಕೊಡಲು ಇಚ್ಛಿಸದವರು ತಮ್ಮದೇ ಸರ್ವರಿನಲ್ಲಿ ಇರಿಸಿಕೊಳ್ಳಬಹುದಾದ ಮಟೊಮೊದಂತಹ ಮುಕ್ತ ತಂತ್ರಾಂಶಗಳೂ ಇವೆ.

ಉಚಿತ ಸೇವೆಯನ್ನು ನೆಚ್ಚಿಕೊಂಡವರಿಗೆ ಒಂದು ಎಚ್ಚರಿಕೆ ಅಗತ್ಯ. ಗೂಗಲ್‌ನ ಹಳೆಯ ಆವೃತ್ತಿಯು 2023ರ ಜುಲೈ 1ರಿಂದ ಲೆಕ್ಕ ಹಾಕುವುದನ್ನು ನಿಲ್ಲಿಸಿತು, 2024ರಲ್ಲಿ ಹಳೆಯ ಅಂಕಿಅಂಶಗಳೂ ಕೈಗೆಟುಕದಾದವು. ಮೊದಲೇ ಇಳಿಸಿಟ್ಟುಕೊಳ್ಳದವರ ಹಲವು ವರ್ಷಗಳ ದಾಖಲೆ ಹೀಗೆ ಇಲ್ಲವಾಯಿತು. ಈಗಿನ ಆವೃತ್ತಿಯಲ್ಲಿಯೂ ವಿವರವಾದ ಮಾಹಿತಿಯನ್ನು ಉಳಿಸಿಕೊಳ್ಳುವ ಅವಧಿ ತಾನಾಗಿಯೇ 2 ತಿಂಗಳೆಂದಿರುತ್ತದೆ. ಅದನ್ನು 14 ತಿಂಗಳಿಗೆ ಏರಿಸಲು ಅವಕಾಶವಿದೆ, ಆದರೆ ಏರಿಸಬೇಕಾದವರು ತಾಣದ ಒಡೆಯರೇ. ತಿಂಗಳಿಗೊಮ್ಮೆ ನಾಲ್ಕಾರು ಮುಖ್ಯ ಅಂಕಿಗಳನ್ನು ಒಂದು ಸಾದಾ ನೋಟುಪುಸ್ತಕದಲ್ಲಿ ಬರೆದಿಡುವುದು ಹಳೆಯ ಪದ್ಧತಿಯಾಗಿ ತೋರಬಹುದಾದರೂ, ಅದಕ್ಕಿಂತ ಭದ್ರವಾದ ಉಪಾಯ ಮತ್ತೊಂದಿಲ್ಲ.

ದೊಡ್ಡ ಸಂಖ್ಯೆಯ ಮೋಹ

ಹಿಟ್ ಎಂಬ ಪದ ಜನಪ್ರಿಯವಾಗಿದೆ. ಅಷ್ಟೇ ದಾರಿತಪ್ಪಿಸುವಂತಹುದೂ ಆಗಿದೆ. ಸರ್ವರಿಗೆ ಬಂದ ಪ್ರತಿಯೊಂದು ಕೋರಿಕೆಯೂ ಒಂದು ಹಿಟ್. 30 ಚಿತ್ರಗಳಿರುವ ಒಂದು ಪುಟವನ್ನು ಒಬ್ಬರು ಒಮ್ಮೆ ತೆರೆದರೆ ಪುಟಕ್ಕೆ 1, ಚಿತ್ರಗಳಿಗೆ 30, ಹೀಗೆ 31 ಹಿಟ್‌ಗಳಾಗುತ್ತವೆ. ಒಂದು ಲಕ್ಷ ಹಿಟ್ ಎಂದು ಹೇಳಿಕೊಳ್ಳುವ ತಾಣಕ್ಕೆ ಮೂರು ಸಾವಿರ ಮಂದಿಯೂ ಬಂದಿರಲಾರರು. ಪುಟವೀಕ್ಷಣೆ ಎಂಬುದು ಇದಕ್ಕಿಂತ ಮೇಲು. ಭೇಟಿ ಎಂಬುದು ಇನ್ನೂ ಮೇಲು: ಒಬ್ಬರು ಒಂದೇ ಸಲಕ್ಕೆ ನೋಡಿದ ಪುಟಗಳೆಲ್ಲ ಸೇರಿ ಒಂದು ಭೇಟಿ; ಸಾಮಾನ್ಯವಾಗಿ 30 ನಿಮಿಷ ಯಾವ ಚಟುವಟಿಕೆಯೂ ಇಲ್ಲದಿದ್ದರೆ ಆ ಭೇಟಿ ಮುಗಿಯಿತೆಂದು ಗಣಿಸಲಾಗುತ್ತದೆ. ಸಂದರ್ಶಕರ ಸಂಖ್ಯೆ ಮಾತ್ರ ಎಂದಿಗೂ ಅಂದಾಜೇ ಸರಿ. ಅದೇ ವ್ಯಕ್ತಿ ಕಚೇರಿಯ ಗಣಕಯಂತ್ರದಿಂದ ಒಮ್ಮೆ, ಕೈಫೋನಿನಿಂದ ಒಮ್ಮೆ ಬಂದರೆ ಇಬ್ಬರೆಂದು ಲೆಕ್ಕಕ್ಕೆ ಬರುವುದುಂಟು. ಜಾಹೀರಾತು ತಡೆಯುವ ತಂತ್ರಾಂಶ ಬಳಸುವವರು ಲೆಕ್ಕಕ್ಕೇ ಬಾರದಿರಬಹುದು.

ಇದಲ್ಲದೆ, ಬರುವವರೆಲ್ಲ ಮನುಷ್ಯರಲ್ಲ. ಶೋಧಯಂತ್ರಗಳ ಪರವಾಗಿ ಪುಟಗಳನ್ನು ಓದಿಕೊಂಡು ಹೋಗುವ ಬಾಟ್‌ಗಳು, ಬೆಲೆಗಳನ್ನು ಸಂಗ್ರಹಿಸುವ ಬಾಟ್‌ಗಳು, ತಾಣದ ಬೀಗ ಸಡಿಲವಿದೆಯೇ ಎಂದು ಪರೀಕ್ಷಿಸುವ ದುರುದ್ದೇಶದ ಬಾಟ್‌ಗಳು ಹಗಲಿರುಳು ಸಂಚರಿಸುತ್ತಿರುತ್ತವೆ. ಸರ್ವರಿನ ದಿನಚರಿ ಇವೆಲ್ಲವನ್ನೂ ದಾಖಲಿಸುತ್ತದೆ. ಪುಟದಲ್ಲಿನ ಸಂಕೇತವನ್ನು ಆಧರಿಸಿದ ವಿಶ್ಲೇಷಣೆಯು ಗೊತ್ತಿರುವ ಬಾಟ್‌ಗಳನ್ನು ಬಹುಮಟ್ಟಿಗೆ ಹೊರಗಿಡುತ್ತದೆ. ಒಂದೇ ತಾಣಕ್ಕೆ ಎರಡು ಕಡೆ ಎರಡು ಸಂಖ್ಯೆ ಕಂಡುಬರುವುದಕ್ಕೆ ಇದು ಒಂದು ಮುಖ್ಯ ಕಾರಣ.

ಒಂದು ದೃಷ್ಟಾಂತ

ಮುಂಬಯಿಯ ಉಪನಗರವೊಂದರಲ್ಲಿ ಐವರು ಮಹಿಳೆಯರು ಸೇರಿ ಹಪ್ಪಳ, ಸಂಡಿಗೆ, ಚಟ್ನಿಪುಡಿ ಹಾಗೂ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ತಯಾರಿಸಿ ಜಾಲತಾಣದ ಮೂಲಕ ಮಾರುತ್ತಾರೆಂದು ಭಾವಿಸೋಣ. ಇಲ್ಲಿ ಕೊಡುವ ಅಂಕಿಗಳು ವಿವರಣೆಗಾಗಿ ಕಲ್ಪಿಸಿದವು. ಲೆಕ್ಕದ ಕ್ರಮವನ್ನು ಮಾತ್ರ ಗಮನಿಸಬೇಕು. ತಿಂಗಳಿಗೆ 9 ಆದೇಶಗಳಷ್ಟೇ ಬರುತ್ತಿವೆ. ಸರ್ವರಿನ ಫಲಕ 2,400 ಭೇಟಿಗಳನ್ನು ತೋರಿಸುತ್ತಿದೆ. ಇಷ್ಟು ಜನ ಬಂದರೂ ಮಾರಾಟವಿಲ್ಲವಾದರೆ ಇನ್ನೂ ಹೆಚ್ಚು ಜನರನ್ನು ಕರೆತರಬೇಕೆಂದು ಅವರು ತೀರ್ಮಾನಿಸಿ, ವರ್ಷವಿಡೀ ಕೂಡಿಸಿಟ್ಟ 20,000 ರೂಪಾಯಿಗಳನ್ನು ಜಾಹೀರಾತಿಗೆ ಕೊಡಲು ಸಿದ್ಧರಾಗುತ್ತಾರೆ. ಹಿಟ್ಟು ಬೀಸುವ ಯಂತ್ರಕ್ಕೆಂದು ಇಟ್ಟಿದ್ದ ಹಣವದು.

ಹಣ ಕೊಡುವ ಮೊದಲು ಲೆಕ್ಕವನ್ನು ಬಿಡಿಸಿ ನೋಡಬೇಕು. ಬಾಟ್‌ಗಳನ್ನೂ, ಗುಂಪಿನ ಸದಸ್ಯರೇ ದಿನವೂ ತಾಣವನ್ನು ತೆರೆದು ನೋಡಿದ ಭೇಟಿಗಳನ್ನೂ ಕಳೆದಾಗ ಉಳಿಯುವುದು 900. ಈ 900 ಭೇಟಿಗಳಲ್ಲಿ 620ರಲ್ಲಿ ಯಾವುದಾದರೊಂದು ತಿನಿಸಿನ ಪುಟ ನೋಡಲಾಗಿದೆ. 140ರಲ್ಲಿ ಸರಕನ್ನು ಬುಟ್ಟಿಗೆ ಹಾಕಲಾಗಿದೆ. 60ರಲ್ಲಿ ವಿಳಾಸ ತುಂಬುವ ಪುಟದವರೆಗೆ ಹೋಗಲಾಗಿದೆ. ಹಣ ಸಂದಾಯವಾದದ್ದು 9ರಲ್ಲಿ.

ಮೇಲುನೋಟಕ್ಕೆ ಅತಿ ದೊಡ್ಡ ಇಳಿಕೆ 620ರಿಂದ 140ಕ್ಕೆ ಆದುದು. ಆದರೆ ಅಂಗಡಿಗೆ ಬಂದವರೆಲ್ಲ ಕೊಳ್ಳುವುದಿಲ್ಲ. ನೋಡಿ ಹೋಗುವವರು ಎಲ್ಲ ಕಾಲಕ್ಕೂ ಇದ್ದಾರೆ. ಕಳವಳಪಡಬೇಕಾದುದು 60ರಿಂದ 9ಕ್ಕೆ ಆದ ಇಳಿಕೆಯ ಬಗ್ಗೆ. ವಿಳಾಸ ಬರೆಯಲು ಕುಳಿತವರು ಕೊಳ್ಳಲು ಮನಸ್ಸು ಮಾಡಿದವರು. ತೂಕ ಹಾಕಿಸಿ, ಪೊಟ್ಟಣ ಕಟ್ಟಿಸಿ, ಹಣದ ಚೀಲ ತೆರೆದ ಮೇಲೆ 51 ಮಂದಿ ಎದ್ದು ಹೋದಂತಾಯಿತು. ಅಂಗಡಿಯಲ್ಲಿ ಹೀಗಾದರೆ ಯಜಮಾನ ಕೂಡಲೇ ಕಾರಣ ವಿಚಾರಿಸುತ್ತಿದ್ದ.

ಈ 60ನ್ನು ಮತ್ತೊಮ್ಮೆ ವಿಭಜಿಸಬೇಕು. 52 ಭೇಟಿಗಳು ಕೈಫೋನಿನಿಂದ, 8 ಗಣಕಯಂತ್ರದಿಂದ. ಗಣಕಯಂತ್ರದ 8ರಲ್ಲಿ 5 ಪೂರ್ಣಗೊಂಡಿವೆ. ಕೈಫೋನಿನ 52ರಲ್ಲಿ ಪೂರ್ಣಗೊಂಡದ್ದು 4 ಮಾತ್ರ. ಅಂದಮೇಲೆ ತೊಡಕು ಬೆಲೆಯಲ್ಲಿಲ್ಲ, ರುಚಿಯಲ್ಲಿಲ್ಲ, ಜನರ ಕೊರತೆಯಲ್ಲಿಯೂ ಇಲ್ಲ. ಕೈಫೋನಿನ ಪರದೆಯ ಮೇಲಿನ ಯಾವುದೋ ಒಂದರಲ್ಲಿದೆ.

ಅಂಕಿಗಳು ಇಲ್ಲಿಗೆ ನಿಲ್ಲುತ್ತವೆ. ತೊಡಕು ಎಲ್ಲಿದೆ ಎಂಬುದನ್ನು ಅವು ತೋರಿಸಬಲ್ಲವೇ ಹೊರತು ಏಕೆ ಎಂಬುದನ್ನು ಹೇಳಲಾರವು. ಅದನ್ನು ತಿಳಿಯಲು ತಾಣವನ್ನು ಹಿಂದೆಂದೂ ನೋಡಿರದ ನೆರೆಯವರೊಬ್ಬರ ಕೈಗೆ ಸಾಧಾರಣ ಬೆಲೆಯ ಫೋನೊಂದನ್ನು ಕೊಟ್ಟು, ಒಂದು ಶೀಷೆ ಉಪ್ಪಿನಕಾಯಿ ತರಿಸಿಕೊಳ್ಳುವಂತೆ ಹೇಳಿ, ಬಾಯಿ ಹಾಕದೆ ಪಕ್ಕದಲ್ಲಿ ಕುಳಿತು ನೋಡಬೇಕು. ಬಾಯಿ ಹಾಕದೆ ಕೂರುವುದೇ ಈ ಪರೀಕ್ಷೆಯ ಕಠಿಣ ಭಾಗ. ಪಿನ್‌ಕೋಡ್ ಬರೆಯುವಾಗ ಮೇಲೆದ್ದು ಬರುವ ಕೀಲಿಮಣೆಯು ಹಣ ಸಂದಾಯದ ಗುಂಡಿಯನ್ನು ಮುಚ್ಚಿಬಿಡಬಹುದು. ಪುಣೆಗೆ ಕಳುಹಿಸುವ ಖರ್ಚು ಕೊನೆಯ ಪುಟದಲ್ಲಿ ಮಾತ್ರ ದಿಢೀರನೆ ಕಾಣಿಸಿಕೊಂಡು ಗಿರಾಕಿಗೆ ಮೋಸಹೋದ ಭಾವನೆ ಬರಬಹುದು. ಅಥವಾ 2016ರಲ್ಲಿ ಆರಂಭವಾಗಿ ಈಗ ತರಕಾರಿ ಗಾಡಿಯವರೆಗೂ ತಲುಪಿರುವ ಯುಪಿಐ ಪಾವತಿಯ ಸೌಲಭ್ಯ ಆ ತಾಣದಲ್ಲಿ ಇಲ್ಲದಿರಬಹುದು. ಇವುಗಳಲ್ಲಿ ಯಾವುದನ್ನು ಸರಿಪಡಿಸಲೂ 20,000 ರೂಪಾಯಿ ಬೇಕಾಗುವುದು ಅಪರೂಪ. ಸರಿಪಡಿಸದೆ ಜಾಹೀರಾತು ಕೊಟ್ಟಿದ್ದರೆ, ಹಣ ತೆತ್ತು ಕರೆಸಿಕೊಂಡ ಹೊಸ ಗಿರಾಕಿಗಳೂ ಅದೇ ಪುಟದಿಂದ ಎದ್ದು ಹೋಗುತ್ತಿದ್ದರು.

ಪುಟ ತೆರೆದುಕೊಳ್ಳುವ ವೇಗವೂ ಇದೇ ಜಾತಿಗೆ ಸೇರಿದ ವಿಷಯ. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಿಸಿಕೊಳ್ಳಬೇಕೆಂಬುದು ಗೂಗಲ್ ಸೂಚಿಸಿರುವ ಮಾನದಂಡ. ಫೋನಿನಲ್ಲಿ ತೆಗೆದ ಚಿತ್ರಗಳನ್ನು ಹಾಗೆಯೇ ಏರಿಸಿದರೆ ಒಂದೊಂದೂ ನಾಲ್ಕೈದು ಮೆಗಾಬೈಟ್ ಇರುತ್ತದೆ. ಅವನ್ನು 200 ಕಿಲೋಬೈಟ್‌ನೊಳಕ್ಕೆ ಕುಗ್ಗಿಸಿದರೂ ಹಪ್ಪಳದ ಅಂದ ಕೆಡುವುದಿಲ್ಲ.

ಹಬ್ಬ, ಋತು ಮತ್ತು ಆಕಸ್ಮಿಕ

ದೋಷ ತಿದ್ದಿದ ಮರುತಿಂಗಳು 13 ಆದೇಶಗಳು ಬಂದವೆನ್ನೋಣ. ಸುಧಾರಣೆ ಆಯಿತೆಂದು ಹೇಳಬಹುದೇ? ಅವಸರ ಸಲ್ಲದು. ಸಣ್ಣ ಸಂಖ್ಯೆಗಳು ಕಾರಣವಿಲ್ಲದೆಯೂ ಏರಿಳಿಯುತ್ತವೆ. ಇದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಒಂದು ಸ್ಥೂಲ ನಿಯಮವಿದೆ. ಆದೇಶಗಳ ಸಂಖ್ಯೆಯ ವರ್ಗಮೂಲವನ್ನು ಇಮ್ಮಡಿ ಮಾಡಬೇಕು. ಅಷ್ಟರಮಟ್ಟಿನ ಏರಿಳಿತವನ್ನು ಆಕಸ್ಮಿಕವೆಂದು ಪರಿಗಣಿಸಬೇಕು. 9ರ ವರ್ಗಮೂಲ 3, ಅದರ ಇಮ್ಮಡಿ 6. ಆದುದರಿಂದ 3ರಿಂದ 15ರವರೆಗಿನ ಯಾವ ಸಂಖ್ಯೆ ಬಂದರೂ ಹಿಗ್ಗುವುದಕ್ಕಾಗಲಿ ಕುಗ್ಗುವುದಕ್ಕಾಗಲಿ ಆಧಾರವಿಲ್ಲ. ಅದೇ 100 ಆದೇಶಗಳ ತಾಣವಾದರೆ 80ರಿಂದ 120. ಸಣ್ಣ ತಾಣಗಳು ವಾರದ ಲೆಕ್ಕಕ್ಕಿಂತ ತ್ರೈಮಾಸಿಕ ಲೆಕ್ಕವನ್ನು ನೆಚ್ಚಬೇಕಾದುದು ಈ ಕಾರಣದಿಂದ. ಪ್ರತಿ ಗಂಟೆಗೊಮ್ಮೆ ಫಲಕ ನೋಡುವುದರಿಂದ ರಕ್ತದೊತ್ತಡದ ಹೊರತು ಬೇರೇನೂ ಏರುವುದಿಲ್ಲ.

ಕ್ಯಾಲೆಂಡರ್ ಮತ್ತೊಂದು ಬಲೆ. ಕಳೆದ ವರ್ಷದ ಇದೇ ತಿಂಗಳೊಡನೆ ಹೋಲಿಸಬೇಕೆಂಬುದು ಪುಸ್ತಕಗಳಲ್ಲಿ ಕಾಣುವ ಸಲಹೆ. ನಮ್ಮ ಹಬ್ಬಗಳು ಚಾಂದ್ರಮಾನದ ಲೆಕ್ಕದಲ್ಲಿ ಬರುವುದರಿಂದ ಈ ಸಲಹೆಯನ್ನು ತಿದ್ದಿಕೊಳ್ಳುವುದು ಅವಶ್ಯಕ. 2023ರಲ್ಲಿ ದೀಪಾವಳಿ ನವೆಂಬರ್ 12ರಂದು ಬಂದಿತ್ತು. 2025ರಲ್ಲಿ ಅಕ್ಟೋಬರ್ 20ರ ಸುಮಾರಿಗೇ ಬಂತು. ಎರಡೂ ವರ್ಷಗಳ ನವೆಂಬರ್ ತಿಂಗಳನ್ನು ಹೋಲಿಸಿದವರಿಗೆ ವ್ಯಾಪಾರ ಕುಸಿದಂತೆ ತೋರಿದರೆ ಆಶ್ಚರ್ಯವಿಲ್ಲ. ಯುಗಾದಿಯೂ ಹಾಗೆಯೇ: 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30. ಹಬ್ಬದ ಹಿಂದಿನ ಮೂರು ವಾರಗಳನ್ನು ಹಬ್ಬದ ಹಿಂದಿನ ಮೂರು ವಾರಗಳೊಡನೆಯೇ ಹೋಲಿಸುವುದು ಯುಕ್ತ. ವಿಶ್ಲೇಷಣೆಯ ಸೇವೆಯಲ್ಲಿ ಕಾಲಮಾನವನ್ನು ಭಾರತೀಯ ಕಾಲಮಾನಕ್ಕೆ ಹೊಂದಿಸಿರುವುದನ್ನೂ ಖಚಿತಪಡಿಸಿಕೊಳ್ಳಬೇಕು. ಇಲ್ಲವಾದರೆ ನಮ್ಮ ಬೆಳಗಿನ ಆದೇಶಗಳು ಹಿಂದಿನ ದಿನದ ಖಾತೆಗೆ ಬೀಳುವ ಸಂಭವವಿದೆ.

ದೊಡ್ಡ ತಾಣಗಳು ಒಂದೇ ಪುಟದ ಎರಡು ರೂಪಗಳನ್ನು ಏಕಕಾಲಕ್ಕೆ ಬೇರೆಬೇರೆ ಜನರಿಗೆ ತೋರಿಸಿ ಯಾವುದು ಮೇಲೆಂದು ಪರೀಕ್ಷಿಸುತ್ತವೆ. ಅಮೆರಿಕದಲ್ಲಿ ಬರಾಕ್ ಒಬಾಮರ 2008ರ ಚುನಾವಣಾ ಪ್ರಚಾರದ ತಾಣದಲ್ಲಿ ನಡೆದ ಪ್ರಯೋಗ ಪ್ರಸಿದ್ಧವಾದುದು. ಗುಂಡಿಯ ಮೇಲಿನ ಮಾತು ಹಾಗೂ ಚಿತ್ರಗಳನ್ನು ಬದಲಿಸುತ್ತ 24 ರೂಪಗಳನ್ನು 3,10,382 ಮಂದಿಗೆ ತೋರಿಸಲಾಯಿತು. ಪ್ರಚಾರ ತಂಡದವರ ಮೆಚ್ಚುಗೆ ಪಡೆದಿದ್ದ ವಿಡಿಯೋಗಳು ಸ್ಥಿರಚಿತ್ರಗಳಿಗಿಂತ ಹಿಂದೆ ಬಿದ್ದವು; ಕುಟುಂಬದ ಒಂದು ಸ್ಥಿರಚಿತ್ರವಿದ್ದ ರೂಪದಲ್ಲಿ ಹೆಸರು ನೋಂದಾಯಿಸಿದವರ ಪ್ರಮಾಣ ಶೇಕಡಾ 8.26ರಿಂದ 11.6ಕ್ಕೆ ಏರಿತು. ತಜ್ಞರ ಮೆಚ್ಚುಗೆಗೂ ಜನರ ನಡೆಗೂ ಇರುವ ಅಂತರ ಇದರಿಂದ ವ್ಯಕ್ತವಾಗುತ್ತದೆ. ಆದರೆ ತಿಂಗಳಿಗೆ 900 ಭೇಟಿಗಳಿರುವ ತಾಣದಲ್ಲಿ ಇಂತಹ ಪ್ರಯೋಗಕ್ಕೆ ಉತ್ತರ ದೊರೆಯಲು ವರ್ಷಗಳೇ ಬೇಕು. ಅಲ್ಲಿ ನೆರೆಯವರ ಕೈಯಲ್ಲಿನ ಫೋನೇ ಉತ್ತಮ ಪ್ರಯೋಗಶಾಲೆ.

ಜನ ಹುಡುಕುವ ಮಾತು

ಸಂದರ್ಶಕರು ಎಲ್ಲಿಂದ ಬಂದರು ಎಂಬ ವಿಭಾಗದಲ್ಲಿ ನೇರ ಭೇಟಿ ಎಂಬ ಶೀರ್ಷಿಕೆಯಿರುತ್ತದೆ. ವಿಳಾಸವನ್ನು ತಾವೇ ಬರೆದು ಬಂದವರೆಂದು ಇದರ ಹೆಸರು ಸೂಚಿಸಿದರೂ, ವಸ್ತುತಃ ಮೂಲ ತಿಳಿಯದ ಭೇಟಿಗಳೆಲ್ಲ ಇಲ್ಲಿಗೆ ಬಂದು ಸೇರುತ್ತವೆ. ವಾಟ್ಸಾಪ್‌ನಲ್ಲಿ ಹಂಚಿಕೊಂಡ ಕೊಂಡಿಯ ಮೂಲಕ ಬಂದವರು ಬಹುಪಾಲು ಇದರಲ್ಲಿಯೇ ಅಡಗಿರುತ್ತಾರೆ. ಹೊರನಾಡಿನಲ್ಲಿ ಕನ್ನಡಿಗರ ಮಾರಾಟ ನಡೆಯುವುದೇ ಸಂಘದ ಗುಂಪು, ಕಟ್ಟಡದ ಗುಂಪು, ಬಂಧುಗಳ ಗುಂಪುಗಳ ಮೂಲಕ ಎಂಬುದನ್ನು ನೆನೆದರೆ ಇದು ಸಣ್ಣ ನಷ್ಟವಲ್ಲ. ಪರಿಹಾರ ಸುಲಭ. ಪ್ರತಿಯೊಂದು ಗುಂಪಿಗೂ ಕೊಡುವ ಕೊಂಡಿಯ ಬಾಲಕ್ಕೆ ಬೇರೆಬೇರೆ ಗುರುತನ್ನು ಸೇರಿಸಬೇಕು. ರಾಜ್ಯೋತ್ಸವದ ಮಳಿಗೆಯಲ್ಲಿ ಅಂಟಿಸುವ ಕ್ಯೂಆರ್ ಚಿತ್ರಕ್ಕೆ ಮತ್ತೊಂದು ಗುರುತು. ಯುಟಿಎಂ ಎಂಬ ಹೆಸರಿನ ಈ ಗುರುತುಗಳಲ್ಲಿರುವ ಮೊದಲಕ್ಷರ ಹಳೆಯ ಅರ್ಚಿನ್ ಕಂಪನಿಯ ನೆನಪನ್ನು ಇಂದಿಗೂ ಉಳಿಸಿಕೊಂಡಿದೆ.

ಗೂಗಲ್ ಸರ್ಚ್ ಕನ್ಸೋಲ್ ಎಂಬ ಮತ್ತೊಂದು ಉಚಿತ ಸೇವೆಯು, ಜನ ಯಾವ ಪದಗಳನ್ನು ಹುಡುಕಿದಾಗ ತಾಣವು ಕಾಣಿಸಿಕೊಂಡಿತು, ಎಷ್ಟು ಮಂದಿ ಅದನ್ನು ಒತ್ತಿದರು ಎಂಬುದನ್ನು 16 ತಿಂಗಳವರೆಗಿನ ಅವಧಿಗೆ ತೋರಿಸುತ್ತದೆ. ಉದ್ದಿಮೆದಾರರು ತಮ್ಮ ಸರಕನ್ನು ಕರೆಯುವ ಹೆಸರಿಗೂ ಗಿರಾಕಿಗಳು ಕರೆಯುವ ಹೆಸರಿಗೂ ಇರುವ ವ್ಯತ್ಯಾಸ ಇಲ್ಲಿ ಬಯಲಾಗುತ್ತದೆ. ಪುಟದಲ್ಲಿ ಮ್ಯಾಂಗೋ ಪಿಕಲ್ ಎಂದಷ್ಟೇ ಬರೆದಿದ್ದರೆ ಆ ತಾಣ ದೇಶದ ಸಮಸ್ತ ಉಪ್ಪಿನಕಾಯಿ ಕಂಪನಿಗಳೊಡನೆ ಸ್ಪರ್ಧಿಸಬೇಕಾಗುತ್ತದೆ. ಮಲೆನಾಡಿನ ಅಪ್ಪೆಮಿಡಿಯ ರುಚಿ ಬಲ್ಲವರು ಅದನ್ನು ಅದರ ಹೆಸರಿನಿಂದಲೇ ಹುಡುಕುತ್ತಾರೆ. ಕೆಲವರು ಕನ್ನಡ ಲಿಪಿಯಲ್ಲಿ, ಹಲವರು ರೋಮನ್ ಲಿಪಿಯಲ್ಲಿ ಕಿವಿಗೆ ಕೇಳಿದಂತೆ ನಾಲ್ಕಾರು ಬಗೆಯಲ್ಲಿ ಬರೆದು. ಕನ್ನಡದ ಹೆಸರನ್ನು ಎರಡೂ ಲಿಪಿಗಳಲ್ಲಿ ಪುಟದ ಶೀರ್ಷಿಕೆಯಲ್ಲಿಯೇ ಕೊಡುವುದರಿಂದ ಅಂತಹವರಿಗೆ ದಾರಿ ಸಿಗುತ್ತದೆ. ಚಿತ್ರದ ಒಳಗೆ ಅಕ್ಷರಗಳನ್ನು ಬರೆಸಿದರೆ ಸಾಲದು. ಅವು ಯೂನಿಕೋಡ್ ಪಠ್ಯವಾಗಿರಬೇಕು.

ಊರುಗಳ ಪಟ್ಟಿಯನ್ನು ಮಾತ್ರ ಸ್ವಲ್ಪ ಅನುಮಾನದಿಂದಲೇ ಓದುವುದು ಒಳ್ಳೆಯದು. ಅಂತರ್ಜಾಲ ವಿಳಾಸದ ಆಧಾರದಿಂದ ಊರನ್ನು ಊಹಿಸುವುದರಿಂದ ಮೈಸೂರಿನವರು ಬೆಂಗಳೂರಿನವರಾಗಿ ಕಾಣಿಸಿಕೊಳ್ಳಬಹುದು. ಸರಕು ಕಳುಹಿಸಿದ ಪೊಟ್ಟಣಗಳ ಪಿನ್‌ಕೋಡ್‌ಗಳೇ ನಿಜವಾದ ಭೂಪಟ.

ಗಿರಾಕಿಯ ಖಾಸಗಿತನ

ಈ ಲೆಕ್ಕವೆಲ್ಲ ಜನರ ನಡೆಯನ್ನು ಗಮನಿಸುವುದರಿಂದ ಬರುವಂತಹುದು. ಬ್ರೌಸರಿನಲ್ಲಿ ಉಳಿಯುವ ಕುಕಿ ಎಂಬ ಗುರುತುಚೀಟಿ 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ರೂಪುಗೊಂಡಾಗ ಉದ್ದೇಶ ಖರೀದಿಯ ಬುಟ್ಟಿಯನ್ನು ನೆನಪಿಡುವಂತಹ ಅನುಕೂಲವಾಗಿತ್ತು. ಕ್ರಮೇಣ ಅದು ತಾಣದಿಂದ ತಾಣಕ್ಕೆ ಜನರನ್ನು ಹಿಂಬಾಲಿಸುವ ಸಾಧನವೂ ಆಯಿತು. ಭಾರತದಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮಕ್ಕೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಯವರ ಅಂಕಿತ ದೊರೆಯಿತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಅವನ್ನು ಹಂತಹಂತವಾಗಿ ಜಾರಿಗೆ ತರುವ ಏರ್ಪಾಡಿದ್ದು, ತಿಳಿವಳಿಕೆ ಪತ್ರ, ಸಮ್ಮತಿ ಮೊದಲಾದ ಮುಖ್ಯ ಕರ್ತವ್ಯಗಳಿಗೆ 18 ತಿಂಗಳ ಕಾಲಾವಕಾಶ ನೀಡಲಾಗಿದೆ.

ಈ ಅಧಿನಿಯಮದ ಪ್ರಕಾರ ಸಮ್ಮತಿ ಕೇಳುವಾಗ ಯಾವ ಮಾಹಿತಿಯನ್ನು ಯಾವ ಉದ್ದೇಶಕ್ಕೆ ಪಡೆಯಲಾಗುತ್ತಿದೆ ಎಂಬುದನ್ನು ತಿಳಿಸಬೇಕು. ಆ ತಿಳಿವಳಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದಿಕೊಳ್ಳುವ ಆಯ್ಕೆ ವ್ಯಕ್ತಿಗೆ ಇರತಕ್ಕದ್ದು. ಅಂದರೆ ದೆಹಲಿಯಲ್ಲಿ ಕುಳಿತ ಕನ್ನಡಿಗರಿಗೂ ಅದನ್ನು ಕನ್ನಡದಲ್ಲಿ ಓದುವ ಹಕ್ಕಿದೆ. 18 ವರ್ಷದೊಳಗಿನವರ ನಡೆಯನ್ನು ಹಿಂಬಾಲಿಸಿ ಗಮನಿಸುವುದನ್ನು ಅಧಿನಿಯಮ ನಿಷೇಧಿಸುತ್ತದೆ. ಆಟಿಕೆ ಅಥವಾ ಶಾಲಾ ಸಾಮಗ್ರಿ ಮಾರುವ ತಾಣಗಳು ಇದನ್ನು ಗಮನದಲ್ಲಿರಿಸಿಕೊಳ್ಳಬೇಕು.

ಸಣ್ಣ ತಾಣಗಳಲ್ಲಿ ಅರಿವಿಲ್ಲದೆ ನಡೆಯುವ ಲೋಪವೊಂದಿದೆ. ಆದೇಶ ಪೂರ್ಣಗೊಂಡ ನಂತರ ಬರುವ ವಂದನೆಯ ಪುಟದ ವಿಳಾಸದಲ್ಲಿ ಗಿರಾಕಿಯ ದೂರವಾಣಿ ಸಂಖ್ಯೆಯೋ ಮಿಂಚಂಚೆಯೋ ಸೇರಿರುವುದುಂಟು. ವಿಶ್ಲೇಷಣೆಯ ಸಂಕೇತ ಆ ವಿಳಾಸವನ್ನು ಇದ್ದಂತೆಯೇ ಹೊರಗಿನ ಸಂಸ್ಥೆಗೆ ರವಾನಿಸಿಬಿಡುತ್ತದೆ. ಇಂತಹ ಮಾಹಿತಿಯನ್ನು ಕಳುಹಿಸಕೂಡದೆಂದು ಗೂಗಲ್ ಅನಲಿಟಿಕ್ಸ್‌ನ ನಿಬಂಧನೆಗಳೂ ಹೇಳುತ್ತವೆ. ಒಂದು ಪರೀಕ್ಷಾ ಆದೇಶವನ್ನು ಕೊಟ್ಟು, ಕೊನೆಯ ಪುಟದಲ್ಲಿ ಬ್ರೌಸರಿನ ಮೇಲ್ಭಾಗದ ವಿಳಾಸದ ಪಟ್ಟಿಯನ್ನು ಓದಿ ನೋಡಿದರೆ ಲೋಪವಿದೆಯೇ ಇಲ್ಲವೇ ಎಂಬುದು ಒಂದೇ ನಿಮಿಷದಲ್ಲಿ ತಿಳಿಯುತ್ತದೆ. ಇದ್ದಲ್ಲಿ, ದೂರವಾಣಿ ಸಂಖ್ಯೆಯ ಬದಲು ಆದೇಶದ ಕ್ರಮಸಂಖ್ಯೆ ಮಾತ್ರ ಅಲ್ಲಿ ಬರುವಂತೆ ಮಾಡಲು ತಾಣ ಕಟ್ಟಿಕೊಟ್ಟವರಿಗೆ ತಿಳಿಸಬೇಕು.